ಸಂಗೀತ ಕಾಲೇಜಿಗೆ ಸಂಜೆ ಬೀಗ ಯಾಕೆ?

‘ಕಾಲೇಜಿಗೆ ಹೋದರೆ ಸರ್ಟಿಫಿಕೇಟ್ ಸಿಗುತ್ತೆ, ಸಂಗೀತ ಬರಲ್ಲ.’ ಈ ಮಾತು ಕೇಳಿ ಕೇಳಿ ಸಾಕಾಗಿದೆ. ವೇದಿಕೆ ಮೇಲೆ ದೊಡ್ಡ ಕಲಾವಿದರು ಹೇಳುತ್ತಾರೆ. ಪ್ರವೇಶದ ಸಮಯ ಬಂತೆಂದರೆ ನನ್ನ ಹತ್ತಿರ ಕಲಿಯುವ ಮಕ್ಕಳ ತಂದೆ ತಾಯಿಯೂ ಅದನ್ನೇ ಹೇಳುತ್ತಾರೆ. ಹಾಗಾಗಿ ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಸಂಗೀತ ಅಂದರೆ ಶ್ರಾವಣದ ಭಜನೆ, ಅಷ್ಟೇ. ಅಪ್ಪ ಬಟ್ಟೆ ಹೊಲಿಯುತ್ತಿದ್ದರು. ಪ್ರತಿ ತಿಂಗಳು ಫೀ ಕೊಟ್ಟು ಪಟ್ಟಣದ ಗುರುಗಳ ಹತ್ತಿರ ಕಳಿಸುವ ಶಕ್ತಿ ಅವರಿಗಿರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಇತ್ತು, ಸೇರಿಕೊಂಡೆ. ಬಸ್ ಪಾಸ್, ಹೆಣ್ಣುಮಕ್ಕಳ ಹಾಸ್ಟೆಲ್, ಸ್ಕಾಲರ್‌ಶಿಪ್ ಇಲ್ಲದಿದ್ದರೆ ತುಂಬಾ ನಿಧಾನವಾಗಿ ಸಾಗುವ ವಿಲಂಬಿತ ಏಕತಾಲದಲ್ಲಿ ಸಮ್ (ತಾಳದ ಮೊದಲ ಪೆಟ್ಟು) ಹಿಡಿಯುವುದು ಈ ಜನ್ಮದಲ್ಲಿ ನನಗೆ ಬರುತ್ತಿರಲಿಲ್ಲ.

ಗುರುಕುಲ ದೊಡ್ಡದು, ಒಪ್ಪುತ್ತೇನೆ. ಆದರೆ ಅದರ ಬಾಗಿಲು ಯಾರಿಗೆ ತೆರೆದಿತ್ತು? ಭೀಮಸೇನ ಜೋಶಿ ಹುಡುಗರಾಗಿದ್ದಾಗಲೇ ಗದಗಿನ ಮನೆ ಬಿಟ್ಟು, ಗುರುವನ್ನು ಹುಡುಕಿಕೊಂಡು ಗ್ವಾಲಿಯರ್, ಜಲಂಧರ್ ಸುತ್ತಿದರು. ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಅದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿಯಬೇಕಾಯಿತು. ಹುಡುಗ ಮನೆ ಬಿಟ್ಟು ಓಡಿಹೋದರೆ ಮುಂದೆ ಅದು ಕಥೆಯಾಗುತ್ತದೆ. ಹುಡುಗಿ ಹಾಗೆ ಮಾಡಲು ಆಗುತ್ತಿತ್ತೇ? ಬಡ ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಜಾಗ ಎಲ್ಲ ಊರಲ್ಲೂ ಇರಲಿಲ್ಲ. 1901ರಲ್ಲಿ ಲಾಹೋರಿನಲ್ಲಿ ಗಾಯಕ ವಿಷ್ಣು ದಿಗಂಬರ ಪಲುಸ್ಕರ್ ಗಾಂಧರ್ವ ಮಹಾವಿದ್ಯಾಲಯ ಅನ್ನುವ ಸಂಗೀತ ಶಾಲೆ ಶುರು ಮಾಡಿದರು. 1926ರಲ್ಲಿ ಸಂಗೀತ ವಿದ್ವಾಂಸ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ಬಂತು. ಘರಾಣೆಯಲ್ಲಿ, ಅಂದರೆ ಸಂಗೀತದ ಮನೆತನದಲ್ಲಿ, ಹುಟ್ಟದ ಮಕ್ಕಳಿಗೂ ಈ ವಿದ್ಯೆ ಸಿಗಲಿ ಅಂತ ತಾನೇ ಅವರು ಅಷ್ಟು ಕಷ್ಟಪಟ್ಟಿದ್ದು?

ಹಾಗಂತ ಈಗ ನಡೆಯುತ್ತಿರುವುದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ನನ್ನ ಮೊದಲ ಸಿಟ್ಟು ಗಡಿಯಾರದ ಮೇಲೆ.

ನಮ್ಮ ಕಾಲೇಜು ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಬೀಗ. ಹಿಂದೂಸ್ತಾನಿ ಸಂಗೀತದಲ್ಲಿ ಒಂದೊಂದು ರಾಗಕ್ಕೆ ಒಂದೊಂದು ಹೊತ್ತು. ಲಲತ್ ನಸುಕಿಗೆ, ಮಾರ್ವಾ ಸೂರ್ಯ ಮುಳುಗುವಾಗ, ಯಮನ್ ದೀಪ ಹಚ್ಚಿದ ಮೇಲೆ, ಮಾಲಕೌಂಸ್ ರಾತ್ರಿ ಬಹಳ ಹೊತ್ತಾದ ಮೇಲೆ. ಹತ್ತರಿಂದ ಐದರೊಳಗೆ ಸಿಗುವುದು ತೋಡಿ, ಸಾರಂಗದ ಬಗೆಗಳು, ಭೀಮಪಲಾಸಿ, ಮುಲ್ತಾನಿ ಇಷ್ಟು. ಮಾರ್ವಾ ನಾನು ಕಲಿತದ್ದು ಮಧ್ಯಾಹ್ನ ಊಟವಾದ ಮೇಲೆ, ಫ್ಯಾನಿನ ಸದ್ದಿನಲ್ಲಿ. ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಬಂತು, ಆಲಾಪ ಬಂತು. ಆದರೆ ಅದರ ಕೋಮಲ ರಿಷಭ, ಅಂದರೆ ತಗ್ಗಿಸಿದ ‘ರಿ’ ಸ್ವರ, ಮನಸ್ಸಿಗೆ ಏನು ಮಾಡುತ್ತೆ ಅನ್ನುವುದು ಗೊತ್ತಾಗಿದ್ದು ವರ್ಷಗಳ ನಂತರ, ಒಂದು ಸಂಜೆ ಮನೆಯ ಟೆರೇಸಿನ ಮೇಲೆ ಕೂತು ಹಾಡಿದಾಗ. ಬೆಳಗಿನ ಖರಜ ಸಾಧನೆ ಕೂಡ ಹಾಗೆಯೇ. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ನಿಂತು ದನಿ ಹದ ಮಾಡುವ ಕೆಲಸಕ್ಕೆ ಬೆಳಗಿನ ಜಾವವೇ ಬೇಕು. ಹಾಸ್ಟೆಲಿನಲ್ಲಿ ಆ ಹೊತ್ತಿಗೆ ದನಿ ತೆಗೆದರೆ ಪಕ್ಕದ ರೂಮಿನವರು ಬೈಯುತ್ತಾರೆ. ಕಾಲೇಜು ಮುಚ್ಚಿರುತ್ತದೆ. ಹಾಸ್ಟೆಲಿನ ಹುಡುಗಿ ಎಲ್ಲಿ ಹೋಗಿ ಹಾಡಬೇಕು?

ಇನ್ನೊಂದು, ಶ್ರುತಿ, ಅಂದರೆ ಹಾಡುವವರು ‘ಸ’ ಇಟ್ಟುಕೊಳ್ಳುವ ಎತ್ತರ. ಹುಡುಗರಿಗೆ ಹಾರ್ಮೋನಿಯಂನ ಕಪ್ಪು ಮನೆ ಒಂದೋ ಎರಡೋ, ನಮಗೆ ಕಪ್ಪು ನಾಲ್ಕೋ ಐದೋ. ಎಲ್ಲರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿ ನಡುವಿನ ಯಾವುದೋ ಶ್ರುತಿಗೆ ಹಾರ್ಮೋನಿಯಂ ಹಿಡಿದರೆ ಯಾರ ಗಂಟಲಿಗೂ ಹೊಂದುವುದಿಲ್ಲ. ಹುಡುಗರು ಮೇಲಿನ ತಾರಸಪ್ತಕದಲ್ಲಿ ಚೀರುತ್ತಾರೆ, ಹುಡುಗಿಯರ ಮಂದ್ರ ಕೇಳಿಸುವುದೇ ಇಲ್ಲ. ಪಾಠದ ಬಂದಿಶ್ ಒಂದೇ ಇರಲಿ, ಆದರೆ ಕೋಣೆ ಎರಡು ಬೇಕು, ತಂಬೂರಿ ಎರಡು ಬೇಕು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ ಅಲ್ವಾ?

ತಬಲಾ ಸಾಥಿಯ, ಅಂದರೆ ಹಾಡುವವರ ಜೊತೆ ತಬಲಾ ನುಡಿಸುವವರ, ವಿಷಯ ಬಂದರೆ ಹೊಟ್ಟೆ ಉರಿಯುತ್ತೆ. ಅವರನ್ನು ಪರೀಕ್ಷೆಗೆ ಮಾತ್ರ ಕರೆಸುವ ಪದ್ಧತಿ ನಿಲ್ಲಬೇಕು. ದಿನವೂ ಠೇಕಾದ (ತಾಳಕ್ಕೆ ತಬಲಾದಲ್ಲಿ ಬರುವ ಪೆಟ್ಟುಗಳ) ಜೊತೆ ಹಾಡಿದವರಿಗೇ ಲಯ ಮೈಗೆ ಹತ್ತುವುದು. ಮೊಬೈಲ್ ಆ್ಯಪ್ ಠೇಕಾ ಕೊಡುತ್ತೆ, ನಿಜ. ಆದರೆ ನಾವು ಲಯ ಬಿಟ್ಟಾಗ ಕಣ್ಣಲ್ಲೇ ಎಚ್ಚರಿಸುವುದು, ಸಮ್‌ಗೆ ಚೆನ್ನಾಗಿ ಬಂದಾಗ ತಲೆ ಆಡಿಸುವುದು ಆ್ಯಪ್‌ಗೆ ಬರುವುದಿಲ್ಲ. ಸಾಥಿಯೂ ಗುರುವೇ. ಅವರಿಗೆ ಖಾಯಂ ಹುದ್ದೆ, ಸರಿಯಾದ ಸಂಬಳ ಕೊಡಬೇಕು.

ಸೆಮಿಸ್ಟರ್‌ಗೆ ಇಷ್ಟು ರಾಗ ಅನ್ನುವ ಪಟ್ಟಿ ಚಿಕ್ಕದಾಗಲಿ. ಅರ್ಧ ಮಾಡಿದರೂ ನಷ್ಟವಿಲ್ಲ. ಒಂದು ರಾಗದಲ್ಲಿ ಮುಕ್ಕಾಲು ಗಂಟೆ ಕೂತು ಹಾಡಿದವರಿಗೆ ಉಳಿದ ರಾಗಗಳ ದಾರಿ ತಾನಾಗಿ ಕಾಣಲು ಶುರುವಾಗುತ್ತೆ.

ಕಲಿಸುವವರ ವಿಷಯಕ್ಕೂ ಬರುತ್ತೇನೆ. ನಾನು ಓದಿದ್ದು ಬೇರೆ ಕಡೆ, ಆದರೆ ಧಾರವಾಡದ ಉದಾಹರಣೆ ಕೊಡಲೇಬೇಕು. ಅಲ್ಲಿನ ಕರ್ನಾಟಕ ವಿಶ್ವವಿದ್ಯಾಲಯ ಗಂಗೂಬಾಯಿಯವರನ್ನು ಗೌರವ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತ್ತು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು ಅವರು. ಆದರೂ ಅವರ ವಿದ್ಯೆ ಏನು ಅನ್ನುವುದು ವಿಶ್ವವಿದ್ಯಾಲಯಕ್ಕೆ ಗೊತ್ತಿತ್ತು. ಇವತ್ತೂ ದಾರಿ ಪೂರ್ತಿ ಮುಚ್ಚಿಲ್ಲ. ಒಳ್ಳೆಯ ಗುರುಗಳ ಹತ್ತಿರ ಕಲಿತ, ಆಕಾಶವಾಣಿಯ ‘ಎ’ ಗ್ರೇಡ್ ಕಲಾವಿದರನ್ನು ಅಧ್ಯಾಪಕರಾಗಿ ತೆಗೆದುಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಗಳಲ್ಲೇ ಅವಕಾಶವಿದೆ. ಅದನ್ನು ಧೈರ್ಯವಾಗಿ ಬಳಸಿಕೊಳ್ಳಲಿ. ಪಿಎಚ್.ಡಿ. ಪ್ರಬಂಧ ಬರೆದವರೂ ಬೇಕು, ಹಾಡುವವರೂ ಬೇಕು. ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಆದೇಶಕ್ಕೆ ಕಾಯುವ ಗುರುಗಳು ನೆಮ್ಮದಿಯಿಂದ ಒಬ್ಬ ಶಿಷ್ಯೆಯನ್ನು ತಯಾರು ಮಾಡುವುದು ಹೇಗೆ?

‘ನಿಮ್ಮ ಕಾಲೇಜಿನಿಂದ ಎಷ್ಟು ಭೀಮಸೇನರು ಬಂದರು?’ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ. ನನ್ನ ಜೊತೆ ಓದಿದವರು ಇವತ್ತು ಹೈಸ್ಕೂಲುಗಳಲ್ಲಿ ಕಲಿಸುತ್ತಿದ್ದಾರೆ. ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದಾರೆ. ಹಳ್ಳಿಯಲ್ಲಿ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಅಲಂಕಾರ (ಸ್ವರಗಳ ಅಭ್ಯಾಸ) ಹೇಳಿಸುತ್ತಿದ್ದಾರೆ. ಕಛೇರಿಗೆ ಕೇಳುಗರು ಸುಮ್ನೆ ಹುಟ್ಟಿಕೊಳ್ಳುವುದಿಲ್ಲ. ಅವರನ್ನು ತಯಾರು ಮಾಡುತ್ತಿರುವವರು ಇವರೇ.

ಈ ವರ್ಷ ಮಗಳನ್ನೋ ಮಗನನ್ನೋ ಬಿ.ಮ್ಯೂಸಿಕ್‌ಗೆ ಸೇರಿಸಬೇಕು ಅಂತಿರುವವರು ದಯವಿಟ್ಟು ಸೇರಿಸಿ. ಸೇರಿಸುವ ಮುಂಚೆ ಒಮ್ಮೆ ಕಾಲೇಜಿಗೆ ಹೋಗಿ. ಪ್ರಾಸ್ಪೆಕ್ಟಸ್‌ಗಿಂತ ಜಾಸ್ತಿ ಅಲ್ಲಿನ ಕೋಣೆಗಳನ್ನು ನೋಡಿ. ಕ್ಲಾಸ್ ಮುಗಿದ ಮೇಲೆ ಮಕ್ಕಳಿಗೆ ಹಾಡಲು ಜಾಗ ಕೊಡುತ್ತಾರಾ, ತಬಲಾದವರು ದಿನಾ ಬರುತ್ತಾರಾ, ಹುಡುಗಿಯರಿಗೆ ಅವರ ಶ್ರುತಿಯಲ್ಲೇ ಪಾಠ ನಡೆಯುತ್ತಾ ಅಂತ ಕೇಳಿ. ಇಲ್ಲ ಅಂದರೆ ಯಾಕಿಲ್ಲ ಅಂತ ಪ್ರಿನ್ಸಿಪಾಲರನ್ನೇ ಕೇಳಿ, ಕುಲಪತಿಗಳಿಗೆ ಒಂದು ಪತ್ರ ಬರೆಯಿರಿ. ನಮ್ಮೆಲ್ಲರ ತೆರಿಗೆಯಲ್ಲಿ ನಡೆಯುವ ಕಾಲೇಜು ಅದು.