ನೆನೆಸಿದ ಮಾತ್ರಕ್ಕೆ ಸತ್ತ ಬೀಜ ಮೊಳೆಯುವುದಿಲ್ಲ

ಮರದ ಬೀಜ ಎಷ್ಟೇ ಹಳೆಯದಾದರೂ ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಮೊಳೆಯುತ್ತದೆ ಎಂದು ನಿಮ್ಮ ಲೇಖನವೊಂದು ಹೇಳಿದೆ; ಆ ಮಾತನ್ನು ಒಪ್ಪಲಾರೆ. ಗದಗ ಭಾಗದಲ್ಲಿ ಸಸಿ ಬೆಳೆಸುವ ನಮಗೆ ಹುಣಸೆಯ ಲೆಕ್ಕವೇ ಬೇರೆ, ಬೇವಿನ ಲೆಕ್ಕವೇ ಬೇರೆ. ಹುಣಸೆ ಬೀಜದ ಸಿಪ್ಪೆ ಗಟ್ಟಿ; ವರ್ಷ ಕಳೆದರೂ ಒಳಗೆ ಜೀವ ಉಳಿದಿರುತ್ತದೆ, ನೀರು ಇಳಿಯಲು ದಾರಿಯಾದರೆ ಸಾಕು. ಆದರೆ ಈ ಮಳೆಗಾಲದಲ್ಲಿ ಆಯ್ದ ಬೇವಿನ ಬೀಜವನ್ನು ಮನೆಯ ಮೂಲೆಯಲ್ಲಿಟ್ಟು ಮುಂದಿನ ಮುಂಗಾರಿಗೆ ತೆಗೆದರೆ ಅದನ್ನು ಯಾವ ನೀರೂ ಎಬ್ಬಿಸುವುದಿಲ್ಲ. ನೆನೆಸುವ ಮೊದಲು ನಾಲ್ಕು ಬೀಜ ಒಡೆದು ನೋಡಿ: ಒಳಗಿನ ಬೇಳೆ ಹಸಿರಾಗಿದ್ದರೆ ಜೀವವಿದೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಶ್ರಮ ವ್ಯರ್ಥ.

ಲೇಖನ ಬಿಟ್ಟಿರುವ ಮುಖ್ಯ ಸಂಗತಿ ಇನ್ನೊಂದಿದೆ. ಹಳೆಯ ಬೀಜದ ಜೀವಕೋಶಗಳ ಪೊರೆ ದುರ್ಬಲವಾಗಿರುತ್ತದೆ. ಒಣಗಿದ ಬೀಜವನ್ನು ಏಕಾಏಕಿ ನೀರಿಗೆ ಹಾಕಿದರೆ ಅದು ಗಬಗಬನೆ ನೀರು ಕುಡಿಯುತ್ತದೆ, ಒಳಗಿನ ಸಕ್ಕರೆ ಮತ್ತು ಲವಣಗಳು ಹೊರಗೆ ಸೋರುತ್ತವೆ, ಆ ಸಕ್ಕರೆಗೆ ಬೂಷ್ಟು ಮುತ್ತುತ್ತದೆ. ಆದ್ದರಿಂದ ತೆಳುಸಿಪ್ಪೆಯ ಬೀಜವನ್ನು ಮೊದಲು ಒದ್ದೆ ಗೋಣಿಚೀಲದ ನಡುವೆ ಹರಡಿ, ನಿಧಾನವಾಗಿ ತೇವ ಹಿಡಿಯಲು ಬಿಡುವುದು ಲೇಸು. ತೇಗಕ್ಕಂತೂ ಒಂದು ರಾತ್ರಿ ಏನೇನೂ ಸಾಲದು. ರಾತ್ರಿ ನೀರು, ಹಗಲು ಬಿಸಿಲು ಎಂದು ವಾರವಾದರೂ ಬೇಕು.

ದಯವಿಟ್ಟು ಆ ಸಾಲನ್ನು ತಿದ್ದಿ. ಅದನ್ನು ನಂಬಿ ಶಾಲೆಯ ಮಕ್ಕಳು ಸತ್ತ ಬೀಜ ಹಾಕಿ ಬೀಜದುಂಡೆ (ಬೀಜವಿಟ್ಟ ಮಣ್ಣಿನ ಉಂಡೆ) ಕಟ್ಟಿ ಎಸೆದರೆ, ನಮ್ಮ ಗದಗದ ಕಪ್ಪತಗುಡ್ಡದ ಬೋಳು ಇಳಿಜಾರಿಗೆ ಒಂದು ಮಳೆಗಾಲವೇ ನಷ್ಟ.