ಸ್ಪಷ್ಟನೆ: ಕನ್ನಡ ಕೆಡುವುದಕ್ಕೆ ಇಮೇಲ್ ಕಾರಣವಲ್ಲ

ಇಮೇಲ್‌ಗೆ ಕನ್ನಡ ಲಿಪಿ ಒಗ್ಗುವುದಿಲ್ಲ, ಆದ್ದರಿಂದ ಪತ್ರಗಳನ್ನು ಚಿತ್ರವಾಗಿಯೇ ಕಳುಹಿಸಬೇಕು ಎಂಬ ಸಂದೇಶವೊಂದು ತುಮಕೂರಿನ ಶಿಕ್ಷಕರು ಮತ್ತು ಡಿಟಿಪಿ ಕೆಲಸದವರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಇಮೇಲ್ ಮೂಲದಲ್ಲಿ ಇಂಗ್ಲಿಷಿನ ಅಕ್ಷರಗಳನ್ನು 7 ಬಿಟ್‌ಗಳಲ್ಲಿ (0 ಅಥವಾ 1ರ ಏಳು ಸ್ಥಾನಗಳಲ್ಲಿ) ಸೂಚಿಸುವ ಆಸ್ಕಿ ಸಂಕೇತಗಳಿಗಾಗಿ ರೂಪುಗೊಂಡದ್ದು ನಿಜ. ಆದರೆ 1990ರ ದಶಕದಲ್ಲಿ ಬಂದ ಮೈಮ್ (MIME) ಎಂಬ ಇಮೇಲ್ ಶಿಷ್ಟತೆಯು, ಪತ್ರವು ಯಾವ ಸಂಕೇತ ಪದ್ಧತಿಯಲ್ಲಿದೆ ಎಂಬುದನ್ನು ಅದರ ತಲೆಬರಹದಲ್ಲಿಯೇ (ಹೆಡರ್) ನಮೂದಿಸುವ ಅವಕಾಶ ಕಲ್ಪಿಸಿತು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡಕ್ಕೇ ಮೀಸಲು. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ (8 ಬಿಟ್‌ಗಳ ಗುಂಪುಗಳಾಗಿ) ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇವುಗಳಲ್ಲಿ ಪ್ರತಿಯೊಂದೂ 3 ಬೈಟ್‌ಗಳಾಗುತ್ತದೆ. ಓದುವ ತಂತ್ರಾಂಶವು ನಮೂದನ್ನು ಗಮನಿಸದೆ ಬೈಟ್‌ಗಳನ್ನು ಬಿಡಿಬಿಡಿಯಾಗಿ ಓದಿದರೆ, ಒಂದು ಸರಳ ಅಕ್ಷರದ ಜಾಗದಲ್ಲಿ ಸಾಮಾನ್ಯವಾಗಿ ಮೂರು ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಇಂಥ ಪತ್ರ ಹಾಳಾಗಿರುವುದಿಲ್ಲ, ಸಂಕೇತ ಪದ್ಧತಿಯನ್ನು ಸರಿಯಾಗಿ ಆರಿಸಿದರೆ ಮರಳಿ ಸಿಗುತ್ತದೆ. ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿದಿದ್ದರೆ ಮಾತ್ರ ಮೂಲ ಪಠ್ಯ ನಡುದಾರಿಯಲ್ಲೇ ಕಳೆದುಹೋಗಿದೆ ಎಂದರ್ಥ. ಆಗ ಮತ್ತೆ ಕಳುಹಿಸಿರೆಂದು ಕೇಳದೆ ವಿಧಿಯಿಲ್ಲ.

ನಮ್ಮಲ್ಲಿ ಹೆಚ್ಚಿನ ತೊಂದರೆಯ ಬೇರು ಬೇರೆಡೆ ಇದೆ. ‘ನುಡಿ’ ಮತ್ತು ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚಾದದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ, ಕನ್ನಡದ ಉಡುಪು ತೊಟ್ಟ ರೋಮನ್ ಅಕ್ಷರಗಳು. ಆ ಫಾಂಟ್ ಇಲ್ಲದವರಿಗೆ ಉಡುಪು ಕಳಚಿ ಕಾಣುತ್ತದೆ. ಅಂತಹ ಪಠ್ಯವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ಕಳುಹಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಚಿತ್ರವಾಗಿ ಕಳುಹಿಸಿದ ಕನ್ನಡವನ್ನು ನೇರವಾಗಿ ಹುಡುಕಲಾಗದು, ತಿದ್ದಲಾಗದು, ದೃಷ್ಟಿಹೀನರ ಪರದೆ ಓದುಗ ತಂತ್ರಾಂಶಕ್ಕೂ ಅದು ಸುಲಭವಾಗಿ ದಕ್ಕದು.