ಸೋಡಿಯಂ ಹೋಯಿತು, ಡುಂ ಡುಂ

ವಾಟ್ಸಾಪ್‌ನಲ್ಲಿ ಎಲ್ಲರೂ ಫಾರ್ವರ್ಡ್ ಮಾಡುವ ಆ ಲೋ ಸೋಡಿಯಂ ಉಪ್ಪು, ಅಂದರೆ ಸೋಡಿಯಂ ಕಡಿಮೆ ಮಾಡಿದ ಉಪ್ಪು, ನಿಮ್ಮ ಅಡುಗೆಮನೆಗೂ ಬಂದಿರಬೇಕಲ್ಲ? ಬಿಪಿಗೆ ರಾಮಬಾಣ, ಪ್ಯಾಕೆಟ್ ಮೇಲೊಂದು ದಪ್ಪ ಕೆಂಪು ಹೃದಯ. ಸೋಡಿಯಂ ತೆಗೆದ ಜಾಗಕ್ಕೆ ಏನು ತುಂಬಿದ್ದಾರೆಂದು ತಿಳಿಯಬೇಕಾದರೆ ಕನ್ನಡಕ ಒರೆಸಿಕೊಂಡು ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ಓದಬೇಕು: ಪೊಟ್ಯಾಸಿಯಂ ಕ್ಲೋರೈಡ್. ಹೃದಯದ ಚಿತ್ರವೇನೂ ಸುಳ್ಳಲ್ಲ ಬಿಡಿ. ಹೃದಯದ ಆಪರೇಷನ್ ವೇಳೆ ಸರ್ಜನ್ನರು ಬಡಿಯುವ ಹೃದಯವನ್ನು ನಿಲ್ಲಿಸುವುದೂ ಪೊಟ್ಯಾಸಿಯಂ ದ್ರಾವಣದಿಂದಲೇ. ಸಂಬಂಧ ಹಳೆಯದು.

2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಉಪ್ಪನ್ನು ಬಳಸಬಹುದು ಎಂದಿತು. ಗರ್ಭಿಣಿಯರಿಗೆ, ಮಕ್ಕಳಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಈ ಸಲಹೆ ಅಲ್ಲ ಎಂದೂ ಹೇಳಿತ್ತು. ಆ ಎರಡನೇ ಮಾತು ವಾಟ್ಸಾಪ್ ತಲುಪುವ ಮೊದಲೇ ದಾರಿಯಲ್ಲಿ ಇಳಿದುಕೊಂಡಿತು. ಕಿಡ್ನಿ ಗಟ್ಟಿ ಇದ್ದವರಿಗೆ ಇದು ಒಳ್ಳೆಯದೇ. ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಸೋತವರಲ್ಲಿ ರಕ್ತದಲ್ಲೇ ಉಳಿಯುತ್ತದೆ. ಶೇ. 30 ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ದಿನಕ್ಕೆ 5 ಗ್ರಾಂ ತಿಂದರೆ ಸುಮಾರು 780 ಮಿಲಿಗ್ರಾಂ ಪೊಟ್ಯಾಸಿಯಂ ಒಳಗೆ ಹೋಯಿತು, ಹೆಚ್ಚುಕಡಿಮೆ ಎರಡು ಬಾಳೆಹಣ್ಣಿನಷ್ಟು. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರನೊಲ್ಯಾಕ್ಟೋನ್ ಮಾತ್ರೆಗಳೂ ಪೊಟ್ಯಾಸಿಯಂ ಹೊರಹೋಗದಂತೆ ತಡೆಯುತ್ತವೆ. ಬಿಪಿಯವರಿಗೆಂದೇ ಮಾರುವ ಉಪ್ಪು, ಇಂಥ ಬಿಪಿ ಮಾತ್ರೆ ನುಂಗುವವರಿಗೇ ಕುತ್ತಾಗಬಹುದು. ಎಂಥಾ ವ್ಯಾಪಾರದ ತಲೆ!

ಉಪ್ಪನ್ನೊಂದೇ ಬೈದರೆ ನಮ್ಮ ನೆಂಟರಿಗೆ ಅವಮಾನ. ಡಯಾಲಿಸಿಸ್ ರೋಗಿಯನ್ನು ನೋಡಲು ಬರಿಗೈಲಿ ಬರುವುದುಂಟೇ? ಎಳನೀರು ಬರುತ್ತದೆ. "ಕುಡೀರಿ ದೊಡ್ಡಪ್ಪ, ನ್ಯಾಚುರಲ್ಲು!" ಒಂದು ಬುರುಡೆಯಲ್ಲಿ ಪೊಟ್ಯಾಸಿಯಂ 500 ಮಿಲಿಗ್ರಾಂ ದಾಟುವುದು ಮಾಮೂಲು. ಆಮೇಲೆ ಕಿಡ್ನಿ ತೊಳೆಯಲು ಬಾಳೆದಿಂಡಿನ ರಸ. ಡಯಟೀಷಿಯನ್ ಪಾಪ, ತರಕಾರಿ ತೆಳ್ಳಗೆ ಹೆಚ್ಚಿ, ನೀರಲ್ಲಿ ನೆನೆಸಿ, ಬೇರೆ ನೀರು ಧಾರಾಳವಾಗಿ ಹಾಕಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ ಅನ್ನುತ್ತಾರೆ. ಪೊಟ್ಯಾಸಿಯಂ ನೀರಿಗಿಳಿಯಲಿ ಎಂದು. ಚೆಲ್ಲುವುದೇ? ಬಸಿದ ನೀರಿಲ್ಲದೆ ಬಸ್ಸಾರು ಮಾಡುವುದು ಹೇಗೆ ಸ್ವಾಮಿ?

ತಮಾಷೆ ಸಾಕು. ಲೀಟರ್ ರಕ್ತದಲ್ಲಿ 3.5ರಿಂದ 5 ಮಿಲಿಈಕ್ವಿವಲೆಂಟ್ (ಲ್ಯಾಬಿನ ಅಳತೆ) ಇರಬೇಕಾದ ಪೊಟ್ಯಾಸಿಯಂ 6.5 ದಾಟಿದರೂ ನೋವಿಲ್ಲ, ಜ್ವರವಿಲ್ಲ. ಕಾಲಲ್ಲಿ ಕಸುವಿಲ್ಲ ಅನ್ನಿಸಬಹುದು, ಅದೂ ಅನ್ನಿಸದಿರಬಹುದು. ಇಸಿಜಿ ಗೆರೆಯಲ್ಲಿ ಟಿ ಎಂಬ ಅಲೆ ಚೂಪಾಗಿ ಏಳುತ್ತದೆ, ಕ್ಯೂಆರ್‌ಎಸ್ ಎಂಬ ಭಾಗ ಅಗಲವಾಗುತ್ತದೆ, ಆಮೇಲೆ ಹೃದಯ ನಿಲ್ಲಬಹುದು. ಕೆಲವರಲ್ಲಿ ಇಷ್ಟು ಮುನ್ಸೂಚನೆಯೂ ಇಲ್ಲ. ನಿಂಬೆರಸ, ಕಷಾಯ ಯಾವುದೂ ಇದಕ್ಕಾಗುವುದಿಲ್ಲ. ಆಸ್ಪತ್ರೆಯಲ್ಲಿ ಮೊದಲು ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲುಕೊನೇಟ್ ಇಂಜೆಕ್ಷನ್. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ಸ್ವಲ್ಪ ಹೊತ್ತು ಕಾವಲು ಅಷ್ಟೇ. ಇನ್ಸುಲಿನ್, ಗ್ಲೂಕೋಸ್ ಕೊಟ್ಟರೆ ಪೊಟ್ಯಾಸಿಯಂ ಜೀವಕೋಶದೊಳಗೆ ಸರಿಯುತ್ತದೆ, ಕೆಲವು ಗಂಟೆಯಲ್ಲಿ ಮತ್ತೆ ಹೊರಬರುತ್ತದೆ. ಮೂತ್ರವೇ ಬಾರದವರಿಗೆ ಡಯಾಲಿಸಿಸ್ಸೇ ಗತಿ. ರಾತ್ರಿ ಎರಡು ಗಂಟೆಗೆ ತಾಲೂಕು ಊರಿನಲ್ಲಿ ಆ ಮೆಷಿನ್ ಹಚ್ಚಲು ಯಾರಿರುತ್ತಾರೆ? ಫಾರ್ವರ್ಡ್ ಮಾಡಿದ ಮಹಾಶಯರು ಅದನ್ನೂ ಒಂದು ಮೆಸೇಜು ಹಾಕಲಿ.